ಅಕ್ಷತದಿಗಿ ಅಮಾಸಿಯ ಫೋಟೋಗ್ರಾಫರ್

ದೊಡವಾಡದ ಕಡೆ ಅಕ್ಷತದಿಗಿ ಅಮಾಸಿ ಬಂತೆಂದರೆ ಲಗ್ನದ ಸುಗ್ಗಿ. ಫೋಟೋ ಸ್ಟುಡಿಯೋ ಇಟ್ಟವನಿಗೆ ನಾಲ್ಕು ಕಾಸು ಕಾಣುವ ಹೊತ್ತು. ದುರ್ಬೀನು ಕೊಂಡ ಸ್ಟುಡಿಯೋದವನಿಗೆ ಮಾತ್ರ ಅದೇ ಪೇಚಾಟದ ಹೊತ್ತು. ಅಮಾಸಿಯ ಆಚೀಚೆ ಕತ್ತಲೆ ಗಟ್ಟಿ. ಏಪ್ರಿಲ್-ಮೇ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಅದರ ಬಾಲದ ತುದಿಯ ಮರೀಚಿಯ ಹತ್ತಿರವೇ ಎಂ51 ಎಂಬ ಸುರುಳಿ ಗ್ಯಾಲಕ್ಸಿ. ಮಗ್ಗುಲಲ್ಲಿ ಅದರ ಸಣ್ಣ ಜೊತೆಗಾರ. ಎರಡನ್ನೂ ಜೋಡಿಸುವ ಮಂದ ಬೆಳಕಿನ ಎಳೆ ಥೇಟ್ ಮದುಮಕ್ಕಳ ಸೆರಗಿಗೆ ಹಾಕಿದ ಗಂಟು. ಈ ಜೋಡಿಗೂ ಇದೇ ಸೀಜನ್ ಬೇಕೇ!

ರಾತ್ರಿಯೆಲ್ಲ ಮಾಳಿಗೆ ಮೇಲೆ, ಮುಂಜಾನೆ ಹಂದರದ ಕೆಳಗೆ. ನಿದ್ದೆಗಣ್ಣಿನಲ್ಲಿ ಮದುಮಗನಿಗೆ ಹೇಳುತ್ತಾನೆ: "ಮೂರು ನಿಮಿಷ ಅಳ್ಳಾಡಬ್ಯಾಡ್ರಿ."

ಅವನ ಕಷ್ಟಗಳೂ ಲೋಕದ ಕಷ್ಟಗಳಲ್ಲ. ಭೂಮಿ ತಿರುಗಿದಂತೆ ದುರ್ಬೀನೂ ತಿರುಗಬೇಕಾದರೆ ಅದರ ಅಚ್ಚು ಧ್ರುವದ ಕಡೆ ಮುಖ ಮಾಡಿರಬೇಕು. ನಮ್ಮ ಸೀಮೆಯಲ್ಲಿ ಧ್ರುವನಕ್ಷತ್ರ ಏರುವುದೇ ಸುಮಾರು 16 ಡಿಗ್ರಿ. ಹೀಗಾಗಿ ಅವನಿಗೂ ಧ್ರುವನಿಗೂ ನಡುವೆ ಸದಾ ಮಂದಿಯ ಬೇವಿನ ಗಿಡ. ಕಡಿಯಿರಿ ಅನ್ನುವಂತಿಲ್ಲ, ಅದರಡಿ ದೇವರಿದೆ. ಕರೆಂಟ್ ಹೋದಾಗ ಕೈ ಮುಗಿಯುವವ ಊರಿಗೆಲ್ಲ ಇವನೊಬ್ಬನೇ.

ಫೋಟೋ ಒಂದೇ ಸಲಕ್ಕೆ ಬರುವುದಿಲ್ಲ. ಮೂರು ಮೂರು ನಿಮಿಷದ ನೂರಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಬೇಕು. ಕ್ಯಾಮೆರಾ ತಾನೇ ಹುಟ್ಟಿಸುವ ಚುಕ್ಕಿಗಳನ್ನು ಕಳೆಯಲು ಮುಚ್ಚಳ ಹಾಕಿ ಮತ್ತಷ್ಟು ಚಿತ್ರ. ಗಾಜಿನ ಧೂಳಿನ ಕಲೆ ತೆಗೆಯಲು, ನಸುಕಿನಲ್ಲಿ ದುರ್ಬೀನಿನ ಬಾಯಿಗೆ ಅಪ್ಪನ ಬಿಳಿ ಧೋತರ ಬಿಗಿದು ಇನ್ನಷ್ಟು. ಬಾಯಿ ಕಟ್ಟಿದ ದುರ್ಬೀನಿನಿಂದ ಮಗ ಏನು ನೋಡುತ್ತಾನೆಂದು ಅಪ್ಪ ಕೇಳುವುದು ಬಿಟ್ಟಿದ್ದಾನೆ. ಧೋತರವೊಂದು ಸಿಕ್ಕರೆ ಸಾಕು.

ಟೀಕಿಸಿದರೆ ಇತಿಹಾಸ ಬರುತ್ತದೆ. 1773ರಲ್ಲಿ ಖಗೋಳಜ್ಞ ಮೆಸ್ಸಿಯೆಗೆ ಎಂ51 ಬರೀ ಮಸುಕು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಇಂಚಿನ ದುರ್ಬೀನಿನಲ್ಲಿ ಸುರುಳಿ ಕಂಡು ಕೈಯಾರೆ ಚಿತ್ರ ಬಿಡಿಸಿದ. "ನಂದು ಎಂಟ ಇಂಚು. ತಡಾ ಆಗೂದ."

ತಡ ಆಗುತ್ತಿರುವುದು ಬೇರೆಯೇ. ಹಿಂದೆ ಲಗ್ನದ ಫೋಟೋ ತೆಗೆಸಿದ್ದ ಹುಡುಗಿಯ ಅಪ್ಪ ಸ್ಟುಡಿಯೋಕ್ಕೆ ಬಂದು ಕೂತರು. "ತಮ್ಮಾ, ಮಗಳ ಕೂಸಿಂದು ಜವಳಾನೂ ತಗದ್ವಿ. ಲಗ್ನದ ಆಲ್ಬಮ್ ಇನ್ನೂ ಬರಲಿಲ್ಲಲೋ."

"ಮಾವಾ, ಈ ಬೆಳಕು ಎರಡು ಕೋಟಿ ವರ್ಷಕ್ಕಿಂತಾ ಹೆಚ್ಚ ನಡಕೋತ ಬಂದೈತಿ. ನೀವು ಇನ್ನೊಂದ ವಾರ ತಡೀರಿ," ಎಂದು ಕಂಪ್ಯೂಟರನ್ನು ಅವರತ್ತ ತಿರುಗಿಸಿದ.

ಹಿರಿಯರು ಕನ್ನಡಕ ಏರಿಸಿ ನೋಡಿದರು. "ಇವೆರಡೂ ಕೂಡ್ಯಾವೇನು?"

"ಇಲ್ರಿ. ಪೂರಾ ಒಂದಾಗಾಕ ಇನ್ನೂ ಕೋಟ್ಯಂತರ ವರ್ಷ ಬೇಕು."

"ಹಂಗಾದ್ರ ಅವರ ಆಲ್ಬಮ್ ಅವಸರಿಲ್ಲ. ಮೊದಲ ನಮ್ಮದು ಮುಗಸು."