ಕಾರಿನ ಉಸಿರು, ಮನೆಯವರ ಬೆವರು

ಕಾರವಾರದ ಗಾಳಿಗೆ ಹಿಂದಿನಿಂದಲೂ ಹೆಸರಿದೆ. 1880ರ ದಶಕದಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಟ್ಯಾಗೋರರು ಈ ಗಾಳಿ ಕುಡಿದು ನಾಟಕ ಬರೆದರು. ಹುಬ್ಬಳ್ಳಿಯವರು ಇವತ್ತಿಗೂ ರಜೆ ಸಿಕ್ಕರೆ ಸಾಕು, ಇಳಿದು ಬಂದು ಟ್ಯಾಗೋರ್ ಕಡಲತೀರದಲ್ಲಿ ಎದೆಯುಬ್ಬಿಸಿ ನಿಂತು ಹೋಗುತ್ತಾರೆ. ಈ ಗಾಳಿ ಸೇರದಿರುವುದು ನನ್ನ ಕಾರಿಗೊಂದಕ್ಕೇ. ಹಾಗೆಂದು ಕಾರು ಬಾಯಿಬಿಟ್ಟು ಹೇಳಿಲ್ಲ. ಮೊಬೈಲು ಹೇಳಿತು.

ಸ್ಟೀರಿಂಗಿನ ಕೆಳಗೆ ಓಬಿಡಿ ಅಂತ ಒಂದು ಸಾಕೆಟ್ ಇರುತ್ತದೆ. ಮೆಕ್ಯಾನಿಕ್ಕುಗಳು ಕಾರಿನ ಕಂಪ್ಯೂಟರಿನ ಜೊತೆ ಮಾತಾಡುವುದು ಅದರ ಮೂಲಕ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ನಾನು ತರಿಸಬಾರದಿತ್ತು ಎನ್ನುವುದು ಮನೆಯವರ ಸರ್ವಾನುಮತದ ನಿರ್ಣಯ. ಅಂದಿನಿಂದ ನಾನು ರಸ್ತೆ ನೋಡಿದ್ದಕ್ಕಿಂತ ಮೊಬೈಲಿನಲ್ಲಿ ‘ಇನ್‌ಟೇಕ್ ಏರ್ ಟೆಂಪರೇಚರ್’ ನೋಡಿದ್ದೇ ಹೆಚ್ಚು ಎಂದು ಹೆಂಡತಿ ದೂರುತ್ತಾಳೆ. ಅದು ಸುಳ್ಳು. ಗಾಡಿ ನಿಂತಾಗ ಮಾತ್ರ ನೋಡುತ್ತೇನೆ. ಅದಕ್ಕಾಗಿಯೇ ಆಗಾಗ ನಿಲ್ಲಿಸುತ್ತೇನೆ.

ನನ್ನದು ಒಂದು ಲೀಟರಿನ ಟರ್ಬೊ ಪೆಟ್ರೋಲ್ ಗಾಡಿ. ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ ಬೆಲ್ಟಿನಿಂದ ತಿರುಗಿದರೆ ಅದು ಸೂಪರ್‌ಚಾರ್ಜರ್, ಹೊಗೆಯ ರಭಸಕ್ಕೆ ತಿರುಗಿದರೆ ಟರ್ಬೊ. ಮೊದಲನೆಯದಕ್ಕೆ ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಅಜ್ಜ. ಎರಡನೆಯದರ ಪೇಟೆಂಟ್ 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿಯವರದು. ವಂಶ ಯಾವುದಾದರೂ ದೋಷ ಒಂದೇ: ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಕಾರವಾರದ 30 ಡಿಗ್ರಿಯ ಗಾಳಿಯನ್ನು 1.8 ಪಟ್ಟು ಒತ್ತಡಕ್ಕೆ ಏರಿಸಿದರೆ, ಟರ್ಬೊದ ದಕ್ಷತೆ ಶೇ. 70 ಎಂದು ಹಿಡಿದರೂ, ಅದು ಹೊರಬೀಳುವುದು ಸುಮಾರು 110 ಡಿಗ್ರಿಯಲ್ಲಿ. ಬಿಸಿ ಗಾಳಿ ತೆಳು, ಆಮ್ಲಜನಕ ಕಡಿಮೆ. ಮೇಲಿಂದ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಎಂಜಿನ್ ಟಕಟಕ ಬಡಿದುಕೊಳ್ಳುವ ಅಪಾಯ. ಅದನ್ನು ತಪ್ಪಿಸಲು ಕಂಪ್ಯೂಟರು ಕಿಡಿಯನ್ನು ತಡಮಾಡುತ್ತದೆ, ಕಾರು ಮಂಕಾಗುತ್ತದೆ. ಅದಕ್ಕೇ ನಡುವೆ ಇಂಟರ್‌ಕೂಲರ್ ಎಂಬ ಅಲ್ಯೂಮಿನಿಯಂ ಜಾಲರಿ ಇಟ್ಟು, ಎದುರುಗಾಳಿಯಿಂದ ತಣಿಸಿ ಒಳಗೆ ಬಿಡುವುದು.

ಇಷ್ಟನ್ನೂ ಅಂಕೋಲೆಯಲ್ಲಿ ಮಾವನ ಮನೆಯ ಜಗಲಿಯ ಮೇಲೆ ಕೂತು ವಿವರಿಸಿದೆ. ಅತ್ತೆ ಅಳಿಯನ ಹತ್ತಿರ ನೇರ ಮಾತಾಡುವವರಲ್ಲ. ಒಳಗಿನಿಂದಲೇ ಮಗಳಿಗೆ ಹೇಳಿದರು: “ನಿನ್ನ ಗಂಡಗೆ ಕೇಳೇ, ಮೊದ್ಲು ಬಿಸಿ ಯಾಕೆ ಮಾಡೂದು, ಆಮೇಲೆ ತಂಪು ಯಾಕೆ ಮಾಡೂದು?” ನೂರು ವರ್ಷ ಎಂಜಿನಿಯರುಗಳು ತಲೆಕೆಡಿಸಿಕೊಂಡ ವಿಷಯವನ್ನು ಅವರು ಬಂಗಡೆ ಹೆಚ್ಚುತ್ತ ಒಂದೇ ಮಾತಲ್ಲಿ ಮುಗಿಸಿದ್ದರು.

ಮಾವನದು ಬೇರೆ ತೊಂದರೆ. ಒಂದು ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದ ಕಾರನ್ನು ಚಾಲೂ ಮಾಡಿ, ರೀಡಿಂಗ್ ನೋಡಿ, ಬೆವರುತ್ತ ಜಗಲಿಗೆ ಬಂದು “ಬೆಳಿಗ್ಗೆ 38 ಇತ್ತು, ಈಗ 62!” ಎಂದು ಕುಸಿದು ಕೂತೆ. ಮಾವ ಸಕ್ಕರೆ ಕಾಯಿಲೆಯವರು. ನಾನು ಬಾಯಿ ಮುಚ್ಚುವುದರೊಳಗೆ ಅದರಲ್ಲಿ ಒಂದು ಉಂಡೆ ಬೆಲ್ಲ ಇತ್ತು. “62 ಅಂದ್ರೆ ಸಣ್ಣ ಲೋ ಅಲ್ಲ, ಬೆಳಿಗ್ಗೆ 38ರಲ್ಲಿ ಎದ್ದು ಕೂತಿದ್ದೇ ದೇವರ ದಯೆ” ಎಂದು ಅವರು ಗ್ಲುಕೋಮೀಟರ್ ತರಲು ಓಡಿದರು. ಬೆಲ್ಲ ಕರಗುವವರೆಗೆ ಇಂಟರ್‌ಕೂಲರಿನ ಹೆಸರು ಹೇಳಲು ನನ್ನಿಂದ ಆಗಲಿಲ್ಲ.

ಅಸಲಿಗೆ ನಿಂತ ಗಾಡಿಯ ಆ 62ಕ್ಕೆ ಹೆದರುವ ಅಗತ್ಯವೇ ಇಲ್ಲ. ಬಾನೆಟ್ಟಿನೊಳಗಿನ ಕಾವು ಪೈಪುಗಳಿಗೆ ಹಿಡಿದಿರುತ್ತದೆ, ಅಷ್ಟೇ. ಆಗ ಟರ್ಬೊ ಏನನ್ನೂ ಒತ್ತುತ್ತಿರುವುದಿಲ್ಲ. ನಾಲ್ಕು ಮಾರು ಓಡಿದರೆ ಅಂಕಿ ತಾನಾಗಿ ಇಳಿಯುತ್ತದೆ. ಆದರೆ ಹೆದರಬೇಕಿಲ್ಲ ಎಂದು ಗೊತ್ತಾಗುವುದಕ್ಕೂ ಹೆದರಿಕೆ ಹೋಗುವುದಕ್ಕೂ ನಡುವೆ ಸಾಕಷ್ಟು ಖರ್ಚಿದೆ. ಮೊದಲು ಹೋದದ್ದು ಚಪಾತಿ ಸುತ್ತುವ ಫಾಯಿಲ್. ಮಕ್ಕಳ ಡಬ್ಬಿಗೆ ಇಲ್ಲದಂತೆ ಇಡೀ ಸುರುಳಿಯನ್ನು ಗಾಳಿಪೈಪಿಗೆ ಸುತ್ತಿದೆ. ಓಡುವಾಗ ಗಾಳಿ ಆ ಪೈಪಿನಲ್ಲಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಬಿಸಿಯಾಗಲು ಅದಕ್ಕೆ ಪುರುಸೊತ್ತೆಲ್ಲಿ? ಆಮೇಲೆ ಹುಬ್ಬಳ್ಳಿಯಲ್ಲಿ ಓದುವ ಅಳಿಯನೊಬ್ಬ ಕೋನ್ ಫಿಲ್ಟರ್ ಹಾಕಿಸಿದ. ಸದ್ದು ರಾಕೆಟ್ಟಿನದು. ಕಂಪನಿ ಕೊಟ್ಟ ಕೊಳವೆ ಗ್ರಿಲ್ಲಿನ ಹಿಂದಿನಿಂದ ಹೊರಗಿನ ತಂಪು ಗಾಳಿ ಎಳೆಯುತ್ತಿತ್ತು. ಇದು ಬಾನೆಟ್ಟಿನೊಳಗಿನ ಬಿಸಿಯನ್ನೇ ಎಳೆಯಿತು. ಅಂಕಿ ಏರಿತು, ಅಕ್ಕಪಕ್ಕದವರ ಮಗು ಎದ್ದಿತು.

ಐಸಿನ ಅಧ್ಯಾಯವನ್ನು ಬಿಟ್ಟುಬಿಡೋಣ ಎಂದಿದ್ದೆ. ಆದರೆ ಬೈತಖೋಲ್ ಬಂದರಿನಲ್ಲಿ ಬೋಟಿಗೆ ಐಸ್ ತುಂಬುವುದನ್ನು ನೋಡಿ ಯಾವ ಗಂಡಸು ಸುಮ್ಮನಿರುತ್ತಾನೆ? ಅಮೆರಿಕದ ಡ್ರ್ಯಾಗ್ ರೇಸಿನವರು ನೀರಿನ ಇಂಟರ್‌ಕೂಲರ್ ಇಟ್ಟು, ಅದರ ಟ್ಯಾಂಕಿಗೆ ಐಸ್ ತುಂಬುತ್ತಾರೆ. ಅವರ ಓಟ ಕಾಲು ಮೈಲಿ. ನನ್ನದು ಬಿಣಗಾ, ಅಮದಳ್ಳಿ, ಅವರ್ಸಾ ದಾಟಿ ಅಂಕೋಲೆಗೆ ಸುಮಾರು 35 ಕಿಲೋಮೀಟರ್. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ನುಂಗುತ್ತದೆ. ಏರು ಹತ್ತುವ ನನ್ನ ಎಂಜಿನ್ ಸೆಕೆಂಡಿಗೆ ಸುಮಾರು 30 ಗ್ರಾಂ ಗಾಳಿ ಎಳೆಯುತ್ತದೆ. ಅದನ್ನು 40 ಡಿಗ್ರಿ ತಣಿಸುವುದಾದರೆ ಕಿಲೋ ಐಸಿಗೆ ಐದು ನಿಮಿಷ ಆಯಸ್ಸಿಲ್ಲ. ನಾನು ಫಿಲ್ಟರ್ ಡಬ್ಬಿಯ ಸುತ್ತ ಮೀನಿನ ಐಸಿನ ಚೀಲ ಕಟ್ಟಿದೆ. ಪ್ಲಾಸ್ಟಿಕ್ ಡಬ್ಬಿಯೊಳಗೆ ತಂಪು ಇಳಿಯಲಿಲ್ಲ, ವಾಸನೆ ಮಾತ್ರ ಎಸಿಯ ಕಿಂಡಿಯಿಂದ ಸೀಟಿನವರೆಗೂ ಬಂತು. ಹೆಂಡತಿ ಅಂಕೋಲೆಯವಳು, ಮೂಗು ಮುಚ್ಚಲಿಲ್ಲ, ಒಮ್ಮೆ ಉಸಿರೆಳೆದು “ಬಂಗಡೆ ಅಲ್ಲ, ತಾರ್ಲೆ” ಎಂದಳು. ನೆರೆಮನೆಯ ಬೆಕ್ಕು ವಾರವಿಡೀ ಬಾನೆಟ್ ಬಿಟ್ಟು ಇಳಿಯಲಿಲ್ಲ.

ನಿಜವಾದ ಪರೀಕ್ಷೆ ಇದ್ದದ್ದು ಯಲ್ಲಾಪುರದ ದಾರಿಯಲ್ಲಿ, ಅರೆಬೈಲ್ ಘಾಟಿಯಲ್ಲಿ. ಮೇ ತಿಂಗಳು, ಹುಬ್ಬಳ್ಳಿಯಲ್ಲಿ ಮದುವೆ. ಹಿಂದಿನ ಸೀಟಿನಲ್ಲಿ ಮಾವ, ಅತ್ತೆ. ಅತ್ತೆಯ ತೊಡೆಯ ಮೇಲೆ 2023ರಲ್ಲಿ ಜಿಐ ಟ್ಯಾಗ್ ಪಡೆದ ಕರಿ ಈಶಾಡು ಮಾವಿನ ಬುಟ್ಟಿ. ಮುಂದೆ ತುಂಬಿದ ಲಾರಿ. ಇಂಟರ್‌ಕೂಲರಿಗೆ ಇದಕ್ಕಿಂತ ಕೆಟ್ಟ ಜಾಗವಿಲ್ಲ: ಟರ್ಬೊ ಪೂರ್ತಿ ಒತ್ತುತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ, ಇರುವುದು ಲಾರಿಯ ಬಿಸಿ ಹೊಗೆ. ಸಾಲದ್ದಕ್ಕೆ ಎಸಿಯ ಕಂಡೆನ್ಸರ್ ಕೂಡ ಮುಂದೆಯೇ ನಿಂತು ತನ್ನ ಕಾವನ್ನು ಹಿಂದಕ್ಕೆ ಊದುತ್ತದೆ. ನಾನು ಎಸಿ ಆರಿಸಿದೆ.

“ಎಸಿ ಹಾಳಾಯ್ತಾ?” ಎಂದರು ಮಾವ.

“ಇಲ್ಲ, ಎಂಜಿನ್ನಿಗೆ ಸೆಕೆ ಆಗ್ತದಂತೆ” ಎಂದಳು ಹೆಂಡತಿ.

ಇಡಗುಂದಿ ಬರುವ ಹೊತ್ತಿಗೆ ಅತ್ತೆಯ ಹೊಸ ಸೀರೆ ಮೈಗಂಟಿತ್ತು, ಬುಟ್ಟಿಯ ಮಾವು ಅರ್ಧ ದಿನ ಮುಂಚೆಯೇ ಹಣ್ಣಾಗಿತ್ತು. ರೀಡಿಂಗ್ 3 ಡಿಗ್ರಿ ಇಳಿದಿತ್ತು. 3 ಡಿಗ್ರಿಗೆ ಗಾಳಿ ದಟ್ಟವಾಗುವುದು ಸುಮಾರು ಶೇ. 1ರಷ್ಟು. ನೂರು ಅಶ್ವಶಕ್ತಿಯ ಕಾರಿನಲ್ಲಿ ನಾಲ್ವರನ್ನು ಬೇಯಿಸಿ ನಾನು ಗಳಿಸಿದ್ದು ಒಂದು ಕುದುರೆ. ಎಸಿಯ ಕಂಪ್ರೆಸರ್ ತಿನ್ನುವುದು ಉಳಿದು ಇನ್ನೂ ಮೂರ್ನಾಲ್ಕು ಕುದುರೆ ಸಿಕ್ಕಿರಬಹುದು; ಅದನ್ನು ಹೇಳುವ ವಾತಾವರಣ ಗಾಡಿಯೊಳಗೆ ಇರಲಿಲ್ಲ.

ಮದುವೆ ಮುಗಿಸಿ ಬಂದ ಮೇಲೆ ಮಾವ ತೋಟದ ಪೈಪ್ ಹಿಡಿದು ಕಾರಿನ ಮುಖ ತೊಳೆದರು. ಉದ್ದೇಶ ತಾರ್ಲೆಯ ವಾಸನೆ ಹೋಗಲಿ ಎಂಬುದಷ್ಟೇ. ಕೆಳಗಿನ ಗ್ರಿಲ್ಲಿನಿಂದ ಕೆಂಪು ಮಣ್ಣು, ಹುಳದ ರೆಕ್ಕೆ, ಆಯುಧ ಪೂಜೆಯ ಚೆಂಡು ಹೂವಿನ ಎಸಳು, ಎಲ್ಲ ಇಳಿದವು. ಅಂದು ಹಟ್ಟಿಕೇರಿ ಟೋಲ್ ದಾಟಿ ಕಾರವಾರದ ಕಡೆ ಹೊರಟಾಗ ಅಂಕಿ 40ರ ಕೆಳಗೆ ಬಂದು ನಿಂತಿತು. ಇಷ್ಟು ದಿನ ನಾನು ಮಾಡಿದ ಯಾವ ವಿದ್ಯೆಯೂ ಮಾಡದ ಕೆಲಸ ಅದು.

ಟರ್ಬೊ ಗಾಡಿ ಇಟ್ಟುಕೊಂಡ ಕರಾವಳಿಯ ಬಂಧುಗಳಲ್ಲಿ ವಿನಂತಿ: ವರ್ಷಕ್ಕೊಮ್ಮೆಯಾದರೂ ಇಂಟರ್‌ಕೂಲರಿನ ಜಾಲರಿಗೆ ಮೆಲ್ಲಗೆ ನೀರು ಬಿಡಿ, ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ಎಲೆಗಳು ಮಡಚಿಕೊಳ್ಳುತ್ತವೆ. ಕಂಪನಿ ಕೊಟ್ಟ ಗಾಳಿಕೊಳವೆ ಇದ್ದಲ್ಲೇ ಇರಲಿ. ಘಾಟಿಯಲ್ಲಿ ಲಾರಿಯ ಬಾಲಕ್ಕೆ ಅಂಟಬೇಡಿ. ಮತ್ತು ಎಸಿ ಹಾಕಿ. ಕಾಲೊತ್ತಿ ಓವರ್‌ಟೇಕ್ ಮಾಡುವಾಗ ಕಂಪ್ರೆಸರನ್ನು ಆ ಕ್ಷಣಕ್ಕೆ ಬಿಡಿಸುವ ಕೆಲಸವನ್ನು ಈಗಿನ ಹೆಚ್ಚಿನ ಗಾಡಿಗಳಲ್ಲಿ ಕಂಪ್ಯೂಟರೇ ಮಾಡುತ್ತದೆ. ಅದಕ್ಕೆ ಮನೆಯ ಯಜಮಾನನ ಸಹಾಯ ಬೇಕಿಲ್ಲ.