ಕಾಯಿಲಣ್ಣ

ಮೂಡುಬಿದಿರೆಯಿಂದ ವೇಣೂರು, ಗುರುವಾಯನಕೆರೆ, ಮಡಂತ್ಯಾರು, ವಗ್ಗ ಹಾದು ಬಂಟ್ವಾಳ ಮುಟ್ಟುವ ದಾರಿಯಲ್ಲಿ ಊರಿಗೊಬ್ಬ ಕಾಯಿಲಣ್ಣ ಇದ್ದೇ ಇರುತ್ತಾನೆ. ಹೆಸರು, ಜಾತಿ, ಪಕ್ಷ ಬೇರೆ ಬೇರೆ; ಸ್ಕೂಟರು ಮಾತ್ರ ಒಂದೇ ನಮೂನೆಯದು. ಕಾಲಿಡುವಲ್ಲಿ ವಯರಿನ ಸುರುಳಿ, ಹಿಂದಿನ ಸೀಟಿನಲ್ಲಿ ಏಣಿಯ ಬದಲು ಒಬ್ಬ ಸಪೂರ ಹುಡುಗ, ಅಂಗಿಯ ಕಿಸೆಯಲ್ಲಿ ಪೆನ್ನಿನ ಜಾಗಕ್ಕೆ ಟೆಸ್ಟರು. ಆ ಟೆಸ್ಟರನ್ನು ಅವನು ಹೊರಗೆ ತೆಗೆಯುವುದು ಕಿವಿ ತುರಿಸಿದಾಗ ಮಾತ್ರ. ಕರೆಂಟು ಉಂಟೋ ಇಲ್ಲವೋ ನೋಡಲು ಬೆರಳಿನ ಹಿಂಭಾಗ ಸಾಕು. "ಟೆಸ್ಟರಿನ ದೀಪ ಹಗಲಲ್ಲಿ ಸರಿ ಕಾಣುದಿಲ್ಲ ಮಾರಾಯ್ರೆ" ಎನ್ನುತ್ತಾನೆ. ಮರುಕ್ಷಣವೇ ಮನೆಯ ಮಕ್ಕಳ ಕಡೆ ತಿರುಗಿ, ಸ್ವಿಚ್ಚಿನ ಹತ್ತಿರ ಯಾರೂ ಬರಬಾರದು ಎಂದು ಗದರಿಸುತ್ತಾನೆ.

ಅವನು ಬರುತ್ತೇನೆಂದ ದಿನ ಬಂದದ್ದಕ್ಕೆ ಈ ಮೂರು ತಾಲೂಕಿನಲ್ಲಿ ಸಾಕ್ಷಿ ಇಲ್ಲ. "ಸಿದ್ಧಕಟ್ಟೆ ಮುಟ್ಟಿದೆ" ಎಂದು ಫೋನಿನಲ್ಲಿ ಹೇಳಿದರೆ ಇನ್ನೂ ಮನೆಯಲ್ಲಿ ಗಂಜಿಗೆ ಕೂತಿದ್ದಾನೆ ಎಂದರ್ಥ. ಫೋನು ಎತ್ತದಿದ್ದರೆ ಭರವಸೆ ಉಂಟು, ಏಣಿಯ ಮೇಲಿರಬಹುದು. ಜಾತ್ರೆ, ಕಂಬಳದ ಕಾಲದಲ್ಲಂತೂ ಕೇಳುವುದೇ ಬೇಡ. 2024ರಲ್ಲಿ ವೇಣೂರಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ಆದಾಗ ದಾರಿಬದಿಯಲ್ಲಿ ಒಂದಷ್ಟು ಮಾಲೆದೀಪ ಕಟ್ಟಿದ್ದನಂತೆ. ಈಗ ಹೇಳುವಾಗ 35 ಅಡಿಯ ಮೂರ್ತಿಗೆ ಬೆಳಕು ಬಂದದ್ದೇ ಇವನಿಂದ.

ಆದರೆ ಅವನ ಅಸಲು ಕ್ಷೇತ್ರ ಬಚ್ಚಲು. ನಮ್ಮ ಕಡೆಯ ಮನೆ ಎಂದ ಮೇಲೆ ಹಂಡೆ ಇರಬೇಕು, ಹಂಡೆಯ ಅಡಿಗೆ ಮಡಲು, ಹಾಳೆ, ಗೆರಟೆ ಉರಿಯಬೇಕು. ಮಡಲು ಈಗಲೂ ಬೀಳುತ್ತದೆ. ಅದನ್ನು ಎಳೆದು ತರುವವರು ಬೆಂಗಳೂರಿಗೆ ಹೋಗಿದ್ದಾರೆ. ಒಲೆ ಊದಲು ಶ್ವಾಸ ಸಾಲದ ಹಿರಿಯರಿಬ್ಬರು ಉಳಿದ ಮನೆಗೆ ನೀರು ಕಾಯಿಸುವ ಕರೆಂಟಿನ ಕಾಯಿಲು ಬರುತ್ತದೆ, ಕಾಯಿಲಿನ ಹಿಂದೆ ಕಾಯಿಲಣ್ಣ ಬರುತ್ತಾನೆ.

ಬಂದವನು ಮೊದಲು ಹಂಡೆಗೆ ಹೊರಗಿನಿಂದ ಎರಡು ಪೆಟ್ಟು ಬಡಿದು ನಾದ ಕೇಳುತ್ತಾನೆ. ಇಂಥ ಅಜ್ಜನ ಕಾಲದ ತಾಮ್ರಕ್ಕೆ ತೂತು ಕೊರೆಯಲು ಯಾವ ಅಮ್ಮನೂ ಬಿಡುವುದಿಲ್ಲ, ಅವನಿಗದು ಗೊತ್ತು. ಹಾಗಾಗಿ ಕಾಯಿಲನ್ನು ಮೇಲಿನಿಂದ ನೇತು ಹಾಕುವ ಯೋಜನೆ, ಅದಕ್ಕೊಂದು ಬಿದಿರಿನ ಅಡ್ಡಪಟ್ಟಿ. ಆಮೇಲೆ ಲೆಕ್ಕ: "ಸಾವಿರ ವ್ಯಾಟಿಗೆ ನಾಲ್ಕೂಕಾಲು ಚಿಲ್ಲರೆ ಆಂಪಿಯರು. ನಿಮ್ಮದು ಎರಡು ಸಾವಿರ. ಎಷ್ಟಾಯ್ತು? ಒಂಬತ್ತರ ಹತ್ತಿರ. ಈ ಆರು ಆಂಪಿಯರಿನ ಪ್ಲಗ್ಗಿಗೆ ಹಾಕಿದರೆ ನೀರಿಗಿಂತ ಮೊದಲು ಗೋಡೆ ಕಾಯ್ತದೆ. ಹದಿನಾರರದ್ದು ಬೇಕು, ಎರಡೂವರೆ ಸ್ಕ್ವೇರಿನ ವಯರು ಬೇಕು." ಯಜಮಾನರು ಮೊಬೈಲು ಚಾರ್ಜಿಗೆ ಇಟ್ಟ ಪ್ಲಗ್ಗಿನ ಕಡೆ ಆಸೆಯಿಂದ ನೋಡುತ್ತಾರೆ.

ನೀರು ತಡವಾಗಿ ಕಾಯುತ್ತದೆ ಎಂಬ ದೂರಿಗೂ ಅವನಲ್ಲಿ ಉತ್ತರ ಸಿದ್ಧ. ಪೆಟ್ಟಿಗೆಯ ಮೇಲೆ ಬರೆದ 2000 ವ್ಯಾಟು 230 ವೋಲ್ಟು ಬಂದಾಗಿನ ಮಾತು. ತೋಟಕ್ಕೆಲ್ಲ ಪಂಪು ಬಿಟ್ಟ ಹೊತ್ತಿನಲ್ಲಿ, ಲೈನಿನ ಕೊನೆಯ ಮನೆಗೆ 180 ಬಂದರೆ ಶಾಖ ವೋಲ್ಟೇಜಿನ ವರ್ಗದಂತೆ ಇಳಿದು 1225 ವ್ಯಾಟಿಗೆ ನಿಲ್ಲುತ್ತದೆ. 40 ಲೀಟರು ನೀರನ್ನು 26 ಡಿಗ್ರಿಯಿಂದ 66ಕ್ಕೆ ಏರಿಸಲು ಗಂಟೆ ಸಾಕಾಗುವಲ್ಲಿ ಒಂದೂವರೆ ಗಂಟೆ ಬೇಕು. ಇಷ್ಟನ್ನೂ ಅವನು ವೀಳ್ಯ ಜಗಿಯುತ್ತ, ಕಾಗದ ಪೆನ್ಸಿಲು ಮುಟ್ಟದೆ ಹೇಳುತ್ತಾನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟದ್ದರಿಂದಲೇ ಈ ಲೈನಿಗೆ ಬಂದೆ ಎನ್ನುವವನೂ ಅವನೇ.

ಗಲಾಟೆ ಶುರುವಾಗುವುದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತಿನಲ್ಲಿ.

"ಎರಡೂವರೆ ಮೀಟರಿನ ಜಿಐ ಪೈಪು ಹೂಳಬೇಕು, ಸುತ್ತ ಇದ್ದಿಲು, ಉಪ್ಪು. ನಮ್ಮದು ಮುರಕಲ್ಲು, ಮಾರ್ಚಿನಲ್ಲಿ ಪೂರಾ ಒಣಗ್ತದೆ. ಬಚ್ಚಲಿನ ನೀರು ಹೋಗುವ ಬಸಳೆ ಚಪ್ಪರದ ಬುಡದಲ್ಲಿ ಹಾಕುವ, ಯಾವಾಗಲೂ ಪಸೆ ಇರ್ತದೆ."

"ಹಾಕಿದರೆ ನೀರು ಬೇಗ ಕಾಯ್ತದಾ?"

"ಇಲ್ಲ."

"ಕರೆಂಟು ಬಿಲ್ಲು ಕಮ್ಮಿ ಬರ್ತದಾ?"

"ಇಲ್ಲ."

"ಮತ್ತೆ ಎಂತಕ್ಕೆ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಯಜಮಾನರ ಸಾವಿನ ಪ್ರಸ್ತಾಪ ಮಾಡಬೇಕಾಗುತ್ತದೆ. ಬೆಳಿಗ್ಗೆ ಬೆಳಿಗ್ಗೆ, ಅವರದೇ ಚಾವಡಿಯಲ್ಲಿ, ಅವರದೇ ಚಾ ಕುಡಿಯುತ್ತ ಅದು ಹೇಗೆ ಸಾಧ್ಯ? ಕಾಯಿಲಣ್ಣ ಸುಮ್ಮನಾಗುತ್ತಾನೆ. ಹಸಿರು ವಯರನ್ನು ಕತ್ತರಿಸಿ ಒಳಗೆ ಮಡಚುತ್ತಾನೆ. ಮೂರು ತೂತಿನ ಪ್ಲಗ್ಗಿನಲ್ಲಿ ದೊಡ್ಡ ತೂತು ಗಣಪತಿಗೆ ಬಿಟ್ಟದ್ದು. ಹೊರಡುವಾಗ ಮಾತ್ರ ಮಂತ್ರದ ಹಾಗೆ ಹೇಳುತ್ತಾನೆ: ಸ್ವಿಚ್ಚು ಆಫ್ ಮಾಡಿ, ಪಿನ್ನು ಕಿತ್ತು, ಆಮೇಲೆ ನೀರು ಮುಟ್ಟಿ. ಮನೆಯವರು ರಬ್ಬರು ಚಪ್ಪಲಿ ಹಾಕಿ ಒಂದೇ ಬೆರಳು ಅದ್ದಿ ಬಿಸಿ ನೋಡುವ ತಮ್ಮದೇ ಪದ್ಧತಿ ಕಂಡುಕೊಳ್ಳುತ್ತಾರೆ. ಎಲ್ಲ ತಪ್ಪೂ ಅವನ ತಲೆಗೆ ಕಟ್ಟುವುದು ಸುಲಭ. ಕಾಯಿಸುವುದಕ್ಕೆ ದುಡ್ಡು ಬಿಚ್ಚಿ ಕಾಯುವುದಕ್ಕೆ ಬಿಚ್ಚದ ಗಿರಾಕಿಗಳಾದ ನಾವೇ ಅವನನ್ನು ಹೀಗೆ ಕಡೆದು ನಿಲ್ಲಿಸಿದ್ದು ಎಂದು ನನ್ನ ಅಭಿಪ್ರಾಯ. ಅಂದಹಾಗೆ, ಅವನ ಸ್ವಂತ ಮನೆಯಲ್ಲಿ ಇಂದಿಗೂ ಹಂಡೆಯ ಅಡಿಗೆ ಮಡಲೇ.

ಇಂಥ ಕಾಯಿಲಣ್ಣನೊಬ್ಬನಿಗೆ ಒಮ್ಮೆ ಬೆಂಗಳೂರಿನಿಂದ ರಜೆಯಲ್ಲಿ ಬಂದ ಯುವಕನ ಮನೆಯಿಂದ ಕರೆ ಬಂತು. ಅಂಗಳದಲ್ಲಿ 30 ಲೀಟರಿನ ಹೊಳೆಯುವ ಸ್ಟೀಲು ಪಾತ್ರೆ, ಪಕ್ಕದಲ್ಲಿ ಮೂರೂವರೆ ಸಾವಿರ ವ್ಯಾಟಿನ ಎಲಿಮೆಂಟು. ಕಷಾಯಕ್ಕೆ ಎಂದು ಅಪ್ಪನಿಗೆ ಹೇಳಿದ್ದಾನೆ. ಕಾಯಿಲಣ್ಣ ಥರ್ಮಾಮೀಟರು ನೋಡಿದ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಚೀಲ ಮೂಸಿದ. "66 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲುವ ಕಷಾಯ ಯಾವುದು ಧಣಿ? ಲೈಸೆನ್ಸು ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆ ಉಂಟು. ಪಾತ್ರೆಗೆ ನಾನು ಅರ್ತು ಕೊಡ್ತೇನೆ, ಕಾಯ್ದೆಗೆ ಅರ್ತು ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ."

ಆದರೂ ಅವನು ಸ್ಕೂಟರು ತಿರುಗಿಸಲಿಲ್ಲ. ಏಕೆಂದರೆ ಆ ಹುಡುಗ, ಯಾರೂ ಕೇಳದೇ ಇದ್ದದ್ದನ್ನು ಕೇಳಿದ್ದ: "ಅರ್ತು ಎಲ್ಲಿ ಹಾಕ್ತೀರಿ? ಆರ್‌ಸಿಸಿಬಿ ಬೇಕಲ್ಲ?"

ಅಂದು ಕಾಯಿಲಣ್ಣನ ಕೈ ನೋಡಬೇಕಿತ್ತು. ಸ್ಟೆಪ್ ಬಿಟ್ಟಿನಿಂದ ಪಾತ್ರೆಗೆ ನಿಧಾನ ತೂತು ಕೊರೆದು ಅಂಚನ್ನು ಅರದಲ್ಲಿ ಉಜ್ಜಿ ನಯ ಮಾಡಿದ. ಸಿಲಿಕೋನು ವಾಷರು ಕೂರಿಸಿ ನಟ್ಟು ಬಿಗಿದ. ರಾತ್ರಿಯಿಡೀ ನೀರು ತುಂಬಿಸಿಟ್ಟು, ಬೆಳಿಗ್ಗೆ ಸುತ್ತ ಕಾಗದ ಒತ್ತಿ ಪಸೆ ನೋಡಿದ. ವೇಣೂರಿನ ಐಟಿಐಯಲ್ಲಿ ಕಲಿಯುವ ಅಳಿಯನಿಂದ ಮೆಗ್ಗರು ತರಿಸಿದ. ಎಲಿಮೆಂಟಿನ ಕೊಳವೆಯೊಳಗೆ ನಿಕ್ರೋಮು ತಂತಿಯ ಸುತ್ತ ತುಂಬಿದ ಮೆಗ್ನೀಶಿಯಂ ಆಕ್ಸೈಡು ಪುಡಿ ನಮ್ಮ ಮಳೆಗಾಲದ ಥಂಡಿ ಹೀರಿದರೆ ಕರೆಂಟು ಸೋರುತ್ತದೆ, ಅದಕ್ಕೆ ಈ ಪರೀಕ್ಷೆ. ಪಾತ್ರೆಯ ಮೈಗೇ ಬೋಲ್ಟು ಹಾಕಿ ಹಸಿರು ವಯರು ಬಿಗಿದ. 15 ಆಂಪಿಯರು ಮೀರುವುದರಿಂದ ಪ್ಲಗ್ಗೇ ಬೇಡವೆಂದು ನಾಲ್ಕು ಸ್ಕ್ವೇರಿನ ವಯರು, 20 ಆಂಪಿಯರಿನ ಡಿಪಿ ಸ್ವಿಚ್ಚು. ಮೆಸ್ಕಾಂಗೆ ಹೋಗಿ ಮನೆಯ ಲೋಡು ಹೆಚ್ಚಿಸಿಕೊಂಡು ಬರಲು ಹುಡುಗನನ್ನೇ ಅಟ್ಟಿದ. ಬಸಳೆಯ ಬುಡಕ್ಕೆ ಪೈಪು ಇಳಿಯಿತು. ಕೊನೆಗೆ ಮೇನು ಬೋರ್ಡಿನಲ್ಲಿ ಆರ್‌ಸಿಸಿಬಿಯ ಆ ಪುಟ್ಟ ಪೆಟ್ಟಿಗೆ ಕೂರಿಸಿ ಅಪ್ಪನಿಗೆ ವಿವರಿಸಿದ: "ಎಂಸಿಬಿ ಕಾಯುದು ವಯರನ್ನು. ಇದು ಮನುಷ್ಯನನ್ನು. ಸೊಸೈಟಿಯ ಆಡಿಟರಿನ ಹಾಗೆ, ಹೋದದ್ದು ಪೂರಾ ವಾಪಸು ಬಂತಾ ನೋಡ್ತದೆ. 30 ಮಿಲಿ ಆಂಪಿಯರು ಕಡಿಮೆ ಬಿದ್ದರೆ ಬಾಗಿಲು ಹಾಕಿಬಿಡ್ತದೆ."

ಹುಡುಗನ ರಜೆ ಮುಗಿಯಿತು. ಕಷಾಯದ ಗುಟ್ಟು ತಿಳಿದ ಅಪ್ಪ ಬಾರ್ಲಿಯನ್ನು ದನಕ್ಕೆ ಹಾಕಿದರು, ಪಾತ್ರೆಯನ್ನು ಬಚ್ಚಲಿಗೆ ಸೇರಿಸಿಕೊಂಡರು. ಬೆಳ್ತಂಗಡಿ ತಾಲೂಕಿನಲ್ಲೇ ಇಷ್ಟು ಕ್ಷೇಮವಾದ ಬಿಸಿನೀರು ಬೇರೆಲ್ಲೂ ಇರಲಾರದು.

ಜೂನಿನ ಮೊದಲ ಜೋರು ಮಳೆಗೆ ಪೆಟ್ಟಿಗೆ ಬಾಗಿಲು ಹಾಕಿತು, ಮನೆ ಪೂರ್ತಿ ಕತ್ತಲು. ಅಪ್ಪ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ಬಚ್ಚಲಲ್ಲಿ ನಿಂತೇ ಫೋನು ಮಾಡಿದರು. ಕಾಯಿಲಣ್ಣ ಸಿದ್ಧಕಟ್ಟೆ ಮುಟ್ಟಿದ್ದ. ಎರಡು ದಿನ ಬಿಟ್ಟು ಬಂದು ಹುಡುಕಿದಾಗ ಪಾತ್ರೆಯ ದೋಷ ಏನೂ ಇಲ್ಲ. ಬಾವಿಯ ಪಂಪಿಗೆ ಹೋಗುವ ಹಳೇ ವಯರು ಕೆಸುವಿನ ಪೊದೆಯೊಳಗೆ ಜಾಯಿಂಟು ಬಿಚ್ಚಿ ಒದ್ದೆಯಾಗಿ ಕೂತಿತ್ತು. ಅಮ್ಮ ದಿನಾ ಅದರ ಪಕ್ಕದಲ್ಲೇ ಕೊಡ ಇಡುತ್ತಿದ್ದದ್ದು.

"ಇಷ್ಟು ವರ್ಷ ಏನೂ ಆಗಿರಲಿಲ್ಲ. ಈ ಪೆಟ್ಟಿಗೆ ಬಂದ ಮೇಲೆ ಉಪದ್ರ. ತೆಗೆದುಬಿಡು" ಅಂದರು ಅಪ್ಪ.

ಕಾಯಿಲಣ್ಣ ವೀಳ್ಯ ಉಗಿದು ಬಂದ. "ತೆಗಿವ. ತೆಗೆದರೆ ಸಾವಿರದ ಇನ್ನೂರು. ಪಂಪಿಗೆ ಹೊಸ ವಯರು ಹಾಕಿ ಪೆಟ್ಟಿಗೆ ಬಿಟ್ಟರೂ ಸಾವಿರದ ಇನ್ನೂರು. ವಯರಿನ ರೇಟು ಸೇರಿಸಿ."

ಅಪ್ಪ ಬಹಳ ಹೊತ್ತು ಲೆಕ್ಕ ಹಾಕಿದರು. ತೆಗೆಯುವುದಕ್ಕೆ ದುಡ್ಡು ಕೊಟ್ಟು ಬರಿಗೈಯಾಗುವುದಕ್ಕಿಂತ ಅಷ್ಟೇ ದುಡ್ಡಿಗೆ ವಯರಾದರೂ ಬರುತ್ತದಲ್ಲ. "ಉಳಿದ ತುಂಡು ನಮಗೇ ಬಿಟ್ಟು ಹೋಗಬೇಕು" ಎಂದು ಕರಾರು ಮಾಡಿ, ಚಾ ಮಾಡಲು ಒಳಗೆ ಹೇಳಿದರು.