ಕಡಲೆಕಾಯಿ ಕಡೆಗೆ ತಿರುಗುವ ಗಾಡಿ

ನಮ್ಮ ತಿರುಮಣಿಯಲ್ಲಿ ಬಿಸಿಲಿಗೆ ಬರವಿಲ್ಲ, ಬರಕ್ಕೂ ಬರವಿಲ್ಲ. ಆ ಬಿಸಿಲನ್ನೇ ನಂಬಿ ತಿರುಮಣಿಯೂ ಸೇರಿ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿ ಪ್ಯಾನೆಲ್ ಓರೆ ಮಾಡಿ ಕೂರಿಸುವ ಕೆಲಸ ಮಾಡಿ ಬಂದ ನನ್ನ ಅಕ್ಕನ ಮಗನಿಗೆ ಲೋಕವೆಲ್ಲ ಕೋನಗಳಾಗಿ ಕಾಣತೊಡಗಿತು. ಗುಜರಿಯಿಂದ ಮಾರುತಿ 800ರ ಮುಂಗಾಲುಗಳನ್ನು ತಂದು, ಚೌಕ ಪೈಪಿಗೆ ವೆಲ್ಡ್ ಮಾಡಿಸಿ, "ಮಾವ, ನಮ್ಮ ಹೊಲದಲ್ಲಿ ಓಡಾಡೋಕೆ ನಮ್ದೇ ಕಾರು" ಅಂದ.

ಚಕ್ರಗಳನ್ನು ಸರಿಯಾದ ಕೋನಕ್ಕೆ ಕೂರಿಸಲು ಪೇಟೆಯವರಿಗೆ ಕಂಪ್ಯೂಟರ್ ಅಲೈನ್‌ಮೆಂಟ್. ನಮಗೆ ಗಾರೆ ಮೇಸ್ತ್ರಿಯ ತೂಕದ ಗುಂಡು, ರಸಮಟ್ಟ, ನೂಲು. ಗುಂಡು ಇಳಿಬಿಟ್ಟು ಚಕ್ರದ ತಲೆ ಎಷ್ಟು ವಾಲಿದೆ ಅಂತ ನೋಡಿದರೆ ಅದೇ ಕ್ಯಾಂಬರ್. ಅಳಿಯ ತಲೆಯನ್ನು ಚೂರು ಒಳಕ್ಕೆ ವಾಲಿಸಿದ. ಮೇಸ್ತ್ರಿ ಕಂಗಾಲು: "ಗೋಡೆ ವಾಲಿದ್ರೆ ನಾವು ಕೆಡವ್ತೀವಿ, ನೀವು ಬೇಕಂತ್ಲೇ ವಾಲಿಸ್ತೀರಲ್ಲಪ್ಪಾ!" ಇನ್ನು ಕ್ಯಾಸ್ಟರ್. ಸೈಕಲ್ಲಿನ ಫೋರ್ಕು ಮುಂದಕ್ಕೆ ಓರೆಯಾಗಿರುತ್ತದಲ್ಲ, ಕೈಬಿಟ್ಟರೂ ಹ್ಯಾಂಡಲ್ ನೆಟ್ಟಗಾಗಲು ಆ ಓರೆಯ ಪಾಲೂ ಉಂಟು. ಕೊನೆಗೆ ಟೋ: ಚಕ್ರಗಳ ಮುಂದಿನ ಅಂತರ ಹಿಂದಿನದಕ್ಕಿಂತ 2 ಮಿ.ಮೀ. ಕಡಿಮೆ, ಹಸೆಮಣೆ ಏರಿದ ಹುಡುಗಿಯ ಪಾದಗಳ ಹಾಗೆ.

ನಿಂತಾಗ ಎಲ್ಲವೂ ಸರಿ. ಬದು ಹತ್ತಿದಾಗಲೆಲ್ಲ ಮಾತ್ರ ಗಾಡಿ ತಾನಾಗಿ ಪಕ್ಕದ ಅಜ್ಜಿಯ ಹೊಲಕ್ಕೆ ತಿರುಗುತ್ತಿತ್ತು. "ನಿಮ್ ಗಾಡಿಗೆ ನನ್ ಕಡ್ಲೆಕಾಯಿ ಮೇಲೇ ಕಣ್ಣು!" ಅಂತ ಅಜ್ಜಿ ಕೂಗಿದಳು. ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಹರಕೆ ಹೊರಲು ಅಕ್ಕ ಹೇಳಿದಳು. ಆತನ ವಾಹನವೇನೋ ಕಾಗೆ. ಅದಕ್ಕೆ ಟೋ ನೋಡುವ ಗೋಜಿಲ್ಲ.

ಒಂದು ಮಧ್ಯಾಹ್ನ ಗಾಡಿಯ ಕೆಳಗೆ ಮಲಗಿದ್ದ ಅಳಿಯ ಎದ್ದು ಬಂದ. ಚಕ್ರ ಮೇಲೇಳುವಾಗ ಕೆಳಗಿನ ಆರ್ಮ್ ಒಂದು ಕಮಾನಿನಲ್ಲಿ, ಸ್ಟಿಯರಿಂಗ್ ರಾಡ್ ಇನ್ನೊಂದು ಕಮಾನಿನಲ್ಲಿ ಏಳುತ್ತಿದ್ದವಂತೆ. ಅತ್ತೆ ಸೊಸೆ ಜಗಳದಲ್ಲಿ ಚಕ್ರ ಮುಖ ತಿರುಗಿಸುತ್ತಿತ್ತು. ಸ್ಟಿಯರಿಂಗ್ ರ್‍ಯಾಕಿನ ಅಡಿಗೆ ಒಂದೊಂದೇ ವಾಷರ್ ಕೊಟ್ಟು ಎತ್ತುತ್ತಾ, ಜ್ಯಾಕಿನಿಂದ ಚಕ್ರ ಏರಿಸಿ ಇಳಿಸಿ ನೋಡಿದೆವು. ಅರ್ಧ ಇಂಚಿಗೆ ಇಬ್ಬರೂ ರಾಜಿಯಾದರು.

ಈಗ ಬದು ಹತ್ತಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಅಜ್ಜಿಯ ಮನೆಯಲ್ಲಿ ಕಡಲೆಕಾಯಿ ಬೇಯುವ ವಾಸನೆ ಬಂದ ದಿನ ಮಾತ್ರ ಸ್ಟಿಯರಿಂಗನ್ನು ನಾವೇ ಕಷ್ಟಪಟ್ಟು ತಿರುಗಿಸಬೇಕು.